ಹಾಲಿನ ಬಟ್ಟಲಿನ ಮಾತು

೯ ಫೆಬ್ರವರಿ ೧೯೩೩, ಗುರುವಾರ. ಶಿರಸಿ.

ಕೋಟೆಕೆರೆಯ ಹತ್ತಿರದ ಬಯಲಿನಲ್ಲಿ ಸಿನೆಮಾ ಡೇರೆ ಎದ್ದಿದೆ. ಮಾತಿಲ್ಲದ ಚಿತ್ರಗಳು. ದಿನಕ್ಕೆ ಒಂದೇ ಆಟ, ಸಂಜೆ ಏಳಕ್ಕೆ.

ಡೇರೆಯ ಯಜಮಾನ ರಘುಪತಿ ಇಂದು ಮೋಟಾರ್ ಸ್ಟ್ಯಾಂಡಿನ ನನ್ನ ಕಿಟಕಿಗೆ ಬಂದಿದ್ದ. ಚಿತ್ರದ ನಡುನಡುವೆ ಬರುವ ಬರಹಗಳು ಇಂಗ್ಲಿಷ್, ಗುಜರಾತಿ, ಉರ್ದುವಿನಲ್ಲಿ ಇರುತ್ತವೆ. ಪರದೆಯ ಪಕ್ಕ ನಿಂತು ಅವನ್ನು ಕನ್ನಡದಲ್ಲಿ ಹೇಳುವವನು ಹುಬ್ಬಳ್ಳಿಯಲ್ಲೇ ಉಳಿದುಬಿಟ್ಟನಂತೆ.

"ಖಾಜಾ ಹುಸೇನ್ ಸಾಹೇಬ್ರು ಕತೆ ಪುಸ್ತಕ ಓದ್ತಾರೆ ಅಂತ ಕೇಳಿದೆ. ಓದಿದ್ದನ್ನೇ ಸ್ವಲ್ಪ ಗಟ್ಟಿಯಾಗಿ ಹೇಳಿದ್ರೆ ಆಯ್ತು."

"ನಾನು ಗಟ್ಟಿಯಾಗಿ ಮಾತಾಡುವವನಲ್ಲ."

"ಕತ್ತಲೆಯಲ್ಲಿ ಯಾರು ಮಾತಾಡಿದ್ದು ಅಂತ ಯಾರಿಗೆ ಕಾಣ್ತದೆ?"

ಒಪ್ಪಿಕೊಂಡೆ. ದಾವೂದ್ ಸಾಹೇಬರೂ ಬೇಡ ಅನ್ನಲಿಲ್ಲ. ಅವರ ಮೋಟಾರ್ ಸರ್ವಿಸಿನಲ್ಲಿ ಟಿಕೀಟು ಬರೆಯುವ ನನ್ನ ಕೆಲಸ ಸಂಜೆ ಐದಕ್ಕೆ ಮುಗಿಯುತ್ತದೆ.

ಹೊಸ ದಿನಚರಿ ಪುಸ್ತಕವಾದ್ದರಿಂದ ಮನೆಯ ಸಂಗತಿಯನ್ನೂ ಬರೆದಿಡುತ್ತೇನೆ. ನಾವು ನಾಲ್ವರು. ನಾನು. ನನ್ನ ಮಗಳು ರಜಿಯಾ, ಹತ್ತು ವರ್ಷ. ಅವಳ ತಾಯಿ ಜೈನಬಿ ತೀರಿಕೊಂಡು ಮೂರು ವರ್ಷವಾಯಿತು. ಕಳೆದ ಬಕ್ರೀದಿನ ಮಾರನೆಯ ವಾರ ನಾನು ನಿಕಾಹ್ ಮಾಡಿಕೊಂಡ ಚಾಂದ್ ಬಿ. ಅವಳೂ ಗಂಡನನ್ನು ಕಳೆದುಕೊಂಡವಳು. ಅವಳ ಮಗ ಗನಿ, ನಾಲ್ಕು ವರ್ಷ. ಚಾಂದ್ ಬಿಯ ತವರು ಹಾನಗಲ್ಲಿನ ಕಡೆ. ಅಲ್ಲಿ ಮನೆಯೊಳಗೂ ಕನ್ನಡವೇ. ಹಾಗಾಗಿ ನಮ್ಮ ಮನೆಯಲ್ಲೂ ಈಗ ಕನ್ನಡ, ಅದೂ ಅವಳ ಕಡೆಯದು.

ಜೈನಬಿಯ ತಾಯಿ ರಹಿಮತ್ಬಿ ಖಾಲಾ ಯಲ್ಲಾಪುರದಲ್ಲಿದ್ದಾರೆ. ನಿಕಾಹಿನ ದಿನ ಅವರು ಒಂದು ಮಾತು ಹೇಳಿದ್ದರು: "ಒಂದು ವರ್ಷ ನೋಡುತ್ತೇನೆ. ಬರುವ ಬಕ್ರೀದಿಗೆ ನನ್ನ ಮೊಮ್ಮಗಳು ಎಲ್ಲಿರಬೇಕೆಂದು ನಾನೇ ಹೇಳುತ್ತೇನೆ." ಬಕ್ರೀದಿಗೆ ಇನ್ನು ಎರಡು ತಿಂಗಳೂ ಇಲ್ಲ.

೧೨ ಫೆಬ್ರವರಿ, ಭಾನುವಾರ

ರಜಿಯಾಳಿಗೆ ಮೂರು ದಿನದಿಂದ ಜ್ವರ. ಇಂದು ಇಳಿದಿದೆ. ಕಷಾಯವೆಂದರೆ ಮುಖ ತಿರುಗಿಸುವ ಹುಡುಗಿ. ಚಾಂದ್ ಬಿ ಬಟ್ಟಲು ಹಿಡಿದು ಪಕ್ಕದಲ್ಲಿ ಕುಳಿತು, "ಕುಡಿ ನನ್ನವ್ವಾ, ಆರೂದ್ರೊಳಗ ಕುಡಿ. ನಾ ಇಲ್ಲೇ ಕುಂತೀನಿ" ಎನ್ನುತ್ತಾಳೆ. ಬಟ್ಟಲು ಖಾಲಿಯಾಗುವ ತನಕ ಏಳುವುದಿಲ್ಲ. ಆಮೇಲೆ ಸೆರಗಿನಿಂದ ಬೆಲ್ಲದ ಚೂರು ತೆಗೆದು ಕೊಟ್ಟು, "ನಿಮ್ಮಪ್ಪಗ ಹೇಳಬ್ಯಾಡ. ಹಲ್ಲು ಹುಳಕ ಆಗ್ತಾವ ಅಂತಾರ" ಎಂದಳು. ನಾನು ಬಾಗಿಲ ಹೊರಗೇ ಇದ್ದೆ. ಇಬ್ಬರೂ ನಗುತ್ತಿದ್ದರು.

ಓದುತ್ತಿದ್ದ ಬಂಗಾಳಿ ಕಾದಂಬರಿಯ ಅನುವಾದ ಮುಗಿಯಿತು. ಕೊನೆಯ ಎರಡು ಅಧ್ಯಾಯಗಳಲ್ಲಿ ಅನುವಾದಕರು ಅವಸರ ಮಾಡಿದ್ದಾರೆ.

೧೪ ಫೆಬ್ರವರಿ, ಮಂಗಳವಾರ

ಮೊದಲ ಆಟ. ಜನ ಇದನ್ನು ಆಗಲೇ ಮಲತಾಯಿಯ ಚಿತ್ರ ಎಂದು ಕರೆಯುತ್ತಿದ್ದಾರೆ. ಮಗಳಿರುವ ಒಬ್ಬ ಶ್ರೀಮಂತ ಎರಡನೆಯ ಮದುವೆಯಾಗುತ್ತಾನೆ. ಬಂದವಳಿಗೂ ಒಬ್ಬ ಮಗನಿದ್ದಾನೆ. ಅವಳು ತನ್ನ ಮಗನಿಗೆ ತುಪ್ಪ ಬಡಿಸುತ್ತಾಳೆ, ಗಂಡನ ಮಗಳಿಗೆ ಗಂಜಿ. ಕೊನೆಗೆ ಹಾಲಿನಲ್ಲಿ ವಿಷ ಬೆರೆಸಿ ಕೊಡುತ್ತಾಳೆ.

ಅರ್ಧ ಚಿತ್ರದ ತನಕ ನನ್ನ ದನಿ ಮೊದಲ ಸಾಲಿಗೂ ಕೇಳಿಸಿರಲಾರದು. ಹಿಂದಿನಿಂದ ಯಾರೋ "ಸಾಹೇಬ್ರೇ, ಮೂಕಿ ಚಿತ್ರಕ್ಕೆ ಮೂಕ ಮಾಸ್ತರ್ರಾ?" ಎಂದರು. ನಗೆ ಎದ್ದಿತು.

ಆಮೇಲೆ ಹಾಲಿನ ದೃಶ್ಯ ಬಂತು. ಬಟ್ಟಲು ಪರದೆಯ ತುಂಬ ಕಾಣುತ್ತದೆ. ಹೆಂಗಸಿನ ತುಟಿ ಅಲುಗುತ್ತದೆ. ಬರಹ ಮಾತ್ರ ಇಲ್ಲ. ಏನು ಹೇಳಬೇಕೆಂದು ನನಗೆ ತಿಳಿದಿರಲಿಲ್ಲ. ಬಾಯಿ ತಾನಾಗಿ ತೆರೆಯಿತು: "ಕುಡಿ ನನ್ನವ್ವಾ, ಆರೂದ್ರೊಳಗ ಕುಡಿ. ನಾ ಇಲ್ಲೇ ಕುಂತೀನಿ."

ಹೆಂಗಸರ ಕಡೆ ಯಾರೋ ಬಿಕ್ಕಿದರು. ಹಾರ್ಮೋನಿಯಂ ಬಾರಿಸುವ ಗಣಪ ಕೈ ನಿಲ್ಲಿಸಿ ನನ್ನನ್ನೇ ನೋಡಿದ. ವಿಷ ಕೊಡುವವಳು ಗದರಿದ್ದರೆ ಹೀಗಾಗುತ್ತಿರಲಿಲ್ಲ. ಮೆದು ಮಾತಿನಿಂದಲೇ ಹೆದರಿಕೆ ಹುಟ್ಟಿತು. ಇದು ಸರಿಯಾದ ಕಲ್ಪನೆಯೆಂದು ನನಗೂ ಅನ್ನಿಸಿತು.

೧೭ ಫೆಬ್ರವರಿ, ಶುಕ್ರವಾರ

ಹುಲೇಕಲ್ಲಿನ ವಿಘ್ನೇಶ್ವರ ಹೆಗಡೆಯವರು ಕಿಟಕಿಯಲ್ಲಿ ನಿಂತು ಮಾತಾಡಿಸಿದರು. ನನಗೆ ಅನುವಾದದ ಪುಸ್ತಕಗಳನ್ನು ಓದಲು ಕೊಡುವವರು ಅವರೇ. ಮೂರು ದಿನವೂ ಚಿತ್ರಕ್ಕೆ ಬಂದಿದ್ದರು.

"ಎಂತ ಸಾಹೇಬ್ರೇ, ಆ ಹೆಂಗಸು ಇಷ್ಟು ದಿನ ನಿಮ್ಮ ಗಂಟಲಲ್ಲಿ ಎಲ್ಲಿ ಅಡಗಿತ್ತು ಮಾರಾಯ್ರೇ? ನಮ್ಮ ಮಗಳು ವಿನೋದಾ ಮನೆಗೆ ಹೋದವಳೇ ಹಾಲು ಕುಡಿಯದೇ ಮಲಗಿದ್ಲು."

ಅವರ ಹೆಂಡತಿ ಸ್ವಲ್ಪ ದೂರದಲ್ಲಿ ನಿಂತಿದ್ದವರು ತಮ್ಮ ಮಾತಿನಲ್ಲಿ, "ಆನು ಇನ್ನೊಂದ್ಸಲ ಬತ್ತೆ. ಆದ್ರೆ ಆ ಬಟ್ಲು ಬಪ್ಪಾಗ ಕಣ್ಣು ಮುಚ್ಚಿಕತ್ತೆ" ಎಂದರು.

ನಾನು ಹೆಗಡೆಯವರಿಗೆ ಒಂದು ಸಂಶಯ ಹೇಳಿದೆ. ಈಚೆಗೆ ಓದಿದ ಕಾದಂಬರಿಯಲ್ಲೂ ಎರಡನೆಯ ಹೆಂಡತಿ ಇದ್ದಾಳೆ. ಅಲ್ಲಿ ಅವಳು ಒಬ್ಬಳೇ ಒಲೆಯ ಮುಂದೆ ಕುಳಿತು ಯೋಚಿಸುವ ಒಂದು ಪೂರ್ತಿ ಅಧ್ಯಾಯವಿದೆ. ಈ ಚಿತ್ರದಲ್ಲಿ ಅವಳು ಒಬ್ಬಳೇ ಕಾಣಿಸುವುದು ಒಂದೇ ಸಲ, ವಿಷ ಬೆರೆಸುವಾಗ. ಅವಳಿಗೆ ಹೆಸರೂ ಇಲ್ಲ. ಬರಹಗಳಲ್ಲಿ ಬರೀ 'ನಯೀ ಮಾ', ಹೊಸ ತಾಯಿ. ಗಂಡನಿಗೆ ಹೆಸರಿದೆ, ಮಗಳಿಗಿದೆ, ಕುದುರೆಗೂ ಇದೆ.

"ಚಿತ್ರದವರಿಗೆ ಅಷ್ಟು ಪುರಸೊತ್ತಿಲ್ಲ. ಎರಡು ತಾಸಿನಲ್ಲಿ ಒಬ್ಬರು ಅಳಬೇಕು, ಒಬ್ಬರು ಸಾಯಬೇಕು" ಎಂದರು ಹೆಗಡೆಯವರು.

೨೦ ಫೆಬ್ರವರಿ, ಸೋಮವಾರ

ಹಾಲು ಹಾಕುವ ಹೊನ್ನಿ ನಿನ್ನೆ ತನ್ನ ಮಗಳ ಜೊತೆ ರಜಿಯಾಳನ್ನೂ ಚಿತ್ರಕ್ಕೆ ಕರೆದುಕೊಂಡು ಬಂದಿದ್ದಳು. ಹೆಂಗಸರ ಕಡೆಯ ಪರದೆಯ ಹಿಂದೆ ಕುಳಿತಿದ್ದರಂತೆ. ನನಗೆ ಕಾಣಲಿಲ್ಲ.

ಇಂದು ರಜಿಯಾ ಬೆಳಗಿನ ಹಾಲು ಕುಡಿಯಲಿಲ್ಲ. ಹೊಟ್ಟೆ ತುಂಬಿದೆ ಎಂದಳು.

೨೭ ಫೆಬ್ರವರಿ, ಸೋಮವಾರ

ಚಿತ್ರ ಮೂರನೆಯ ವಾರಕ್ಕೆ ಹೋಗಿದೆ. ರಘುಪತಿ ಇಂಥದ್ದನ್ನು ಕಂಡಿಲ್ಲವಂತೆ.

ರಜಿಯಾ ಹಾಲನ್ನು ಬೆಕ್ಕಿಗೆ ಹಾಕುವುದನ್ನು ಎರಡು ಸಲ ನೋಡಿದೆ. ಹಾಕಿ, ಬೆಕ್ಕಿನ ಮುಂದೆ ಸ್ವಲ್ಪ ಹೊತ್ತು ಕುಳಿತಿರುತ್ತಾಳೆ. ಬೆಕ್ಕಿಗೆ ಏನೂ ಆಗಿಲ್ಲ.

೩ ಮಾರ್ಚ್, ಶುಕ್ರವಾರ

ಹೊನ್ನಿ ಹಾಲಿನ ತಂಬಿಗೆ ಇಟ್ಟು ಬಾಗಿಲಲ್ಲೇ ಹಾಸ್ಯ ಮಾಡಿದಳು: "ಬೂಬಮ್ಮಾ, ಎಲ್ಲ ಮನೆಯಲ್ಲೂ ಇದೇ ಮಾತಾಗಿದೆ. 'ಕುಡಿ ನನ್ನವ್ವಾ' ಅಂದ್ರೆ ಮಕ್ಕಳು ಓಡಿ ಹೋಗ್ತಾವೆ. ನಾನಂತೂ ಈ ಹಾಲಿಗೆ ನೀರು ಬಿಟ್ಟು ಬೇರೆ ಏನೂ ಹಾಕಿಲ್ಲ ಕಾಣಿ."

ಚಾಂದ್ ಬಿ ನಗಲಿಲ್ಲ. "ಏನ್ ಮಾತು ಅದು? ಇನ್ನೊಮ್ಮೆ ಹೇಳ" ಎಂದಳು. ಹೊನ್ನಿ ಮತ್ತೆ ಹೇಳಿದಳು, ಕೈಯಲ್ಲಿ ಬಟ್ಟಲು ಹಿಡಿದ ಹಾಗೆ, ಹಾನಗಲ್ ಕಡೆಯ ರಾಗದಲ್ಲೇ. ಚಾಂದ್ ಬಿ ನನ್ನ ಕಡೆ ನೋಡಿದಳು. ನಾನು ಓದುತ್ತಿದ್ದೆ.

೯ ಮಾರ್ಚ್, ಗುರುವಾರ. ಸಿದ್ದಾಪುರ.

ಡೇರೆ ಸೋಮವಾರ ಇಲ್ಲಿಗೆ ಬಂತು. ಸಂಜೆಯ ಮೋಟಾರಿನಲ್ಲಿ ಬಂದು ಬೆಳಗಿನ ಮೋಟಾರಿನಲ್ಲಿ ಶಿರಸಿಗೆ ಮರಳುತ್ತೇನೆ. ಮನ್ಮನೆಯಿಂದಲೂ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದಾರೆ. ಚಿತ್ರಕ್ಕಿಂತ ಆ ದನಿಗೆ ಬಂದೆವು ಎಂದರು ಒಬ್ಬರು.

ಇಲ್ಲಿ ಇನ್ನೊಂದು ಮಾತು ಸೇರಿಸಿದೆ. ಹಾಲು ಕೊಟ್ಟ ಮೇಲೆ ಆ ಹೆಂಗಸು ಬೆರಳನ್ನು ತುಟಿಯ ಮೇಲೆ ಇಟ್ಟುಕೊಳ್ಳುತ್ತಾಳೆ. ಅಲ್ಲಿಗೆ "ನಿಮ್ಮಪ್ಪಗ ಹೇಳಬ್ಯಾಡ" ಎಂದೆ. ಗಣಪ ಆಮೇಲೆ, "ಸಾಹೇಬ್ರೇ, ನನ್ನ ಮೈ ಮೇಲೆ ಮುಳ್ಳು ಎದ್ವು. ಆ ಹೊತ್ತಿಗೆ ಇನ್ನು ನಾನು ಪೆಟ್ಟಿಗೆ ಬಾರಿಸೂದಿಲ್ಲ, ನೀವೇ ಸಾಕು" ಎಂದ.

ಮನೆ ಈಚೆಗೆ ಬಹಳ ಶಾಂತವಾಗಿದೆ. ಚಾಂದ್ ಬಿ ಬಟ್ಟಲು ಇಡುತ್ತಾಳೆ, ಹೋಗುತ್ತಾಳೆ. ಊಟಕ್ಕೆ ಕರೆಯುವಾಗಲೂ ತಟ್ಟೆಯ ಸದ್ದು ಮಾಡುತ್ತಾಳೆ ಅಷ್ಟೇ. ಓದಲು ಒಳ್ಳೆಯದು.

೧೩ ಮಾರ್ಚ್, ಸೋಮವಾರ

ಊಟಕ್ಕೆ ಮಕ್ಕಳಿಬ್ಬರೂ ಕುಳಿತಿದ್ದರು. ಗನಿಯ ತಟ್ಟೆಗೆ ತುಪ್ಪ ಮೊದಲು ಬಿತ್ತು, ರಜಿಯಾಳದಕ್ಕೆ ಆಮೇಲೆ. ಗನಿಯ ಚಮಚ ತುಂಬಿತ್ತು. ರಜಿಯಾಳದು ತುಂಬಿತ್ತೋ ಇಲ್ಲವೋ ಕಾಣಲಿಲ್ಲ. ಚಾಂದ್ ಬಿಯ ಕೈ ಅಡ್ಡ ಬಂದಿತ್ತು.

ಹಿಂದೆ ಇದನ್ನು ಗಮನಿಸಿರಲಿಲ್ಲ.

೧೯ ಮಾರ್ಚ್, ಭಾನುವಾರ. ಯಲ್ಲಾಪುರ.

ಬೆಳಗಿನ ಮೋಟಾರಿಗೆ ಕಾಯುತ್ತ ಬರೆಯುತ್ತಿದ್ದೇನೆ.

ನಿನ್ನೆ ಇಲ್ಲಿ ಮೊದಲ ಆಟ. ಬರುವ ಶನಿವಾರದ ತನಕ ನಡೆದು ಈ ಊರಲ್ಲೇ ಕೊನೆ. ಆಟ ಮುಗಿದಾಗ ರಹಿಮತ್ಬಿ ಖಾಲಾ ಬಾಗಿಲ ಹತ್ತಿರ ಕಾಯುತ್ತಿದ್ದರು. ಅವರು ಸಿನೆಮಾ ನೋಡಿದ್ದು ಇದೇ ಮೊದಲು. ಕೈಯಲ್ಲಿ ಜಪಮಣಿ ಇತ್ತು.

"ನಿನ್ನ ನಿಕಾಹಿನ ದಿನ ಅವಳು ಊಟ ಬಡಿಸುವಾಗ ಕೇಳಿದ್ದೆ ಈ ಮಾತಿನ ರೀತಿ. ಇದು ನಿನ್ನ ಮನೆಯ ದನಿ, ಖಾಜಾ."

"ಅದು ಚಿತ್ರ, ಖಾಲಾ."

"ಚಿತ್ರದವಳು ತುಟಿ ಆಡಿಸಿದಳು. ಮಾತು ಹಾಕಿದ್ದು ನೀನು. ನೋಡದೆ, ಕೇಳದೆ ಎಲ್ಲಿಂದ ಹಾಕಿದೆ?"

ಆ ಮಾತನ್ನು ಕೇಳಿದ್ದೇನೆ ಎಂಬುದು ನಿಜ. ಎಲ್ಲಿ, ಯಾವಾಗ ಎಂದು ಹೇಳಬಹುದಿತ್ತು. ಜನ ಹಾದು ಹೋಗುತ್ತಿದ್ದರು.

"ಬಕ್ರೀದಿನ ತನಕ ನಾನು ಕಾಯುವುದಿಲ್ಲ. ಶನಿವಾರ ಬರುವಾಗ ಮಗುವನ್ನು ಕರೆದುಕೊಂಡು ಬಾ. ಅವಳ ಬಟ್ಟೆಯನ್ನೂ."

ಆಗಲಿ ಎಂದೆ. ಅವರು ಕೆಟ್ಟವರಲ್ಲ. ಮಗಳನ್ನು ಕಳೆದುಕೊಂಡವರು.

೨೧ ಮಾರ್ಚ್, ಮಂಗಳವಾರ

ರಜಿಯಾಳಿಗೆ ಮತ್ತೆ ಜ್ವರ. ಯಲ್ಲಾಪುರದ ಸಂಗತಿಯನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ನಾನು ಒಳಗೆ ಬಂದಾಗ ಚಾಂದ್ ಬಿ ಒಲೆಯ ಮುಂದೆ ಇದ್ದಳು. ಬೆನ್ನು ನನ್ನ ಕಡೆ ಇತ್ತು. ಬಟ್ಟಲಿಗೆ ಏನೋ ಹಾಕಿ ಬೆರಳಿನಿಂದ ಕದಡುತ್ತಿದ್ದಳು. ಜೀರಿಗೆಯ ಪುಡಿ ಇರಬೇಕು. ಗನಿ ಕರೆದನೆಂದು ಅವಳು ಹಿತ್ತಲಿಗೆ ಹೋದಳು. ಬಟ್ಟಲು ಕಟ್ಟೆಯ ಮೇಲಿತ್ತು. ನಾನು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನುಂಗದೆ, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡೆ.

ತಿರುಗಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು.

ಉಪ್ಪು ಹೆಚ್ಚಾಗಿದೆಯೋ ಎಂದು ನೋಡಿದೆ ಎಂದೆ.

ಕಷಾಯಕ್ಕೆ ಉಪ್ಪು ಹಾಕುವುದಿಲ್ಲ.

೨೩ ಮಾರ್ಚ್, ಗುರುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕು.

ಎರಡು ದಿನದಿಂದ ರಜಿಯಾಳ ಬಾಯಿಗೆ ಏನೂ ಹೋಗಿರಲಿಲ್ಲ. ತುಟಿ ಒಡೆದಿತ್ತು. ಚಾಂದ್ ಬಿ ಬಟ್ಟಲು ತಂದು ನನ್ನ ಕೈಗೆ ಕೊಟ್ಟಳು. ಎಷ್ಟೋ ದಿನದ ಮೇಲೆ ಮಾತಾಡಿದಳು: "ನನ್ನ ಕೈಯಾಗಿಂದ ಕುಡಿಯಂಗಿಲ್ಲ ಆಕಿ. ನೀವರ ಹೇಳ್ರಿ."

ಮಗಳ ಪಕ್ಕ ಕುಳಿತೆ. ಕಾಯಿಲೆಯ ಮಗುವಿಗೆ ಏನು ಹೇಳಿ ಕುಡಿಸುತ್ತಾರೆ? ನಾನು ಯಾವತ್ತೂ ಕುಡಿಸಿದವನಲ್ಲ. ಜೈನಬಿ ಕುಡಿಸುತ್ತಿದ್ದಳು, ಆಮೇಲೆ ಇವಳು. ಬಟ್ಟಲನ್ನು ತುಟಿಯ ಹತ್ತಿರ ಹಿಡಿದೆ. ಬಾಯಿ ತಾನಾಗಿ ತೆರೆಯಿತು. "ಕುಡಿ ನನ್ನವ್ವಾ, ಆರೂದ್ರೊಳಗ ಕುಡಿ."

ಅದು ಡೇರೆಯ ದನಿ. ಮೂವತ್ತಕ್ಕೂ ಹೆಚ್ಚು ಆಟಗಳಿಂದ ಅದು ಒಂದೇ ರೀತಿ ಬರುತ್ತದೆ.

ರಜಿಯಾ ಗೋಡೆಗೆ ಒತ್ತಿಕೊಂಡಳು. "ಹಾಗೆ ಹೇಳಬೇಡಿ ಅಬ್ಬಾ."

"ಯಾಕೆ?"

"ಕುಡಿಯಬಾರದು ಅಂತ ನೀವೇ ಹೇಳಿದ್ರಲ್ಲ."

"ನಾನು ಎಲ್ಲಿ ಹೇಳಿದೆ?"

"ಡೇರೆಯಲ್ಲಿ. ಛೋಟಿ ಅಮ್ಮನ ಹಾಗೆಯೇ ಮಾತಾಡಿ ತೋರಿಸಿದ್ರಿ. ನನಗೆ ಗೊತ್ತಾಗಲಿ ಅಂತ."

ಬಟ್ಟಲು ನನ್ನ ಕೈಯಲ್ಲೇ ಇತ್ತು. ಚಾಂದ್ ಬಿ ಬಂದು ಅದನ್ನು ತೆಗೆದುಕೊಂಡಳು. ಅರ್ಧ ತಾನು ಕುಡಿದಳು. ಉಳಿದ ಅರ್ಧವನ್ನು ನೆಲದ ಮೇಲಿಟ್ಟು, ಎರಡು ಮೊಳ ದೂರ ಹೋಗಿ ಗೋಡೆಗೆ ಮುಖ ಮಾಡಿ ಕುಳಿತಳು. ಗನಿ ಬಂದು ಅವಳ ತೊಡೆಯ ಮೇಲೆ ಕುಳಿತ. ಬಹಳ ಹೊತ್ತಾಯಿತು. ಆಮೇಲೆ ರಜಿಯಾ ಕೈ ಚಾಚಿ ಬಟ್ಟಲು ಎತ್ತಿಕೊಂಡಳು. ತಣ್ಣಗಾಗಿದ್ದರೂ ಕುಡಿದಳು.

ಹಿತ್ತಲಿನಲ್ಲಿ ಬಟ್ಟಲು ತೊಳೆಯುತ್ತ ಚಾಂದ್ ಬಿ ನನಗೆ ಹೇಳಿದಳು: "ಆಕಿ ಜ್ವರ ನಿಂತ ಮ್ಯಾಲೆ ನಾ ಹಾನಗಲ್ಲಿಗೆ ಹೊಕ್ಕೀನ್ರಿ, ನಮ್ಮಣ್ಣನ ಮನಿಗೆ. ಮೂರು ವಾರ ಆತು, ಈ ಮನ್ಯಾಗ ಬಾಯಿ ತೆಗಿಯಾಕ ಅಂಜಿಕಿ ನನಗ. ಕುಡಿ ಅನ್ನೂಹಂಗಿಲ್ಲ, ಉಣ್ಣು ಅನ್ನೂಹಂಗಿಲ್ಲ. ನನ್ನ ಮಾತೆಲ್ಲಾ ನೀವು ಒಯ್ದು ಆಕಿಗೆ ಕೊಟ್ರಿ, ಆ ಬಟ್ಟಿ ಮ್ಯಾಲಿನ ಹೆಂಗಸಿಗೆ. ನನಗ ಒಂದಾದರೂ ಉಳಿಸಿದ್ರ?"

ದನಿ ಏರಿರಲಿಲ್ಲ. ಅವಳು ಬಟ್ಟಲನ್ನು ಮಗುಚಿ ಕಲ್ಲಿನ ಮೇಲೆ ಇಟ್ಟು ಒಳಗೆ ಹೋದಳು.

೨೪ ಮಾರ್ಚ್, ಶುಕ್ರವಾರ

ಜ್ವರ ನಿಂತಿದೆ.

ಸ್ಟ್ಯಾಂಡಿಗೆ ಅರ್ಧ ದಿನ ರಜೆ ಹೇಳಿ, ಜುಮ್ಮಾ ನಮಾಜಿನಿಂದ ಬಂದು ಕುಳಿತು ಬರೆಯುತ್ತಿದ್ದೇನೆ. ಇಂದಿನ ಆಟಕ್ಕೆ ಹೋಗುವುದಿಲ್ಲ. ಗಂಟಲು ಕೆಟ್ಟಿದೆ ಎಂದು ಮಧ್ಯಾಹ್ನದ ಮೋಟಾರಿನವನ ಕೈಯಲ್ಲಿ ರಘುಪತಿಗೆ ಚೀಟಿ ಕಳಿಸಿದ್ದೇನೆ.

ಯಲ್ಲಾಪುರದ ಮಾತನ್ನು ಬೆಳಿಗ್ಗೆ ರಜಿಯಾಳಿಗೆ ಹೇಳಿದೆ. "ಗನಿಯೂ ಬರ್ತಾನಾ?" ಎಂದು ಕೇಳಿದಳು. ಇಲ್ಲ, ಅವನು ಹಾನಗಲ್ಲಿಗೆ ಎಂದೆ. "ಹಾಗಾದರೆ ಮನೆಯಲ್ಲಿ?" ಎಂದಳು. ನಾನೊಬ್ಬನೇ ಎಂದೆ. ಅವಳು ಬೆಕ್ಕನ್ನು ಎತ್ತಿಕೊಂಡು ಹೋದಳು.

ಚಾಂದ್ ಬಿಗೆ ಏನು ಹೇಳಬಹುದೆಂದು ಯೋಚಿಸುತ್ತ ಈ ಪುಸ್ತಕವನ್ನು ಮೊದಲಿನಿಂದ ತಿರುವಿದೆ. ಅವಳ ಮಾತುಗಳು ಇಲ್ಲಿ ಇವೆ. ಸರಿಯಾಗಿಯೇ ಬರೆದುಕೊಂಡಿದ್ದೇನೆ, ಅಕ್ಷರ ತಪ್ಪಿಲ್ಲ. ಹನ್ನೆರಡನೆಯ ತಾರೀಖಿನ ಪುಟದಲ್ಲಿ ಕಷಾಯ ಇದೆ, ಬೆಲ್ಲ ಇದೆ, ಇಬ್ಬರೂ ನಕ್ಕದ್ದೂ ಇದೆ. ಎರಡು ದಿನ ಬಿಟ್ಟು ಡೇರೆಯಲ್ಲಿ ಅದನ್ನೇ ಹೇಳಿ, ನನ್ನ ಕಲ್ಪನೆ ಎಂದು ಬರೆದಿದ್ದೇನೆ. ನಾನು ಅವಳಿಗೆ ಆಡಿದ ಮಾತು ಎಂದು ಇಡೀ ಪುಸ್ತಕದಲ್ಲಿ ಇರುವುದು ಒಂದೇ, ಉಪ್ಪಿನದು. ಅದು ಸುಳ್ಳು.

ತೀರ್ಮಾನ ಹೀಗಿದೆ. ನಾಳೆ ಹಾನಗಲ್ ಕಡೆಯ ಮೋಟಾರು ಬೆಳಿಗ್ಗೆ ಎಂಟಕ್ಕೆ. ಚಾಂದ್ ಬಿ ಕಿಟಕಿಗೆ ಬಂದು ತನಗೊಂದು, ಗನಿಗೆ ಅರ್ಧ ಟಿಕೀಟು ಕೇಳುತ್ತಾಳೆ. ನಾನು ಬರೆಯುವುದಿಲ್ಲ. ಕಿಟಕಿ ಬಿಟ್ಟು ಹೊರಗೆ ಬಂದು, ಸ್ಟ್ಯಾಂಡಿನ ಜನ ನೋಡುತ್ತಿದ್ದರೂ ಸರಿ, ಕಷಾಯದಲ್ಲಿ ನಾನು ಹುಡುಕಿದ್ದು ಏನೆಂದು ಅವಳಿಗೆ ಹೇಳುತ್ತೇನೆ. ಕೇಳಿದ ಮೇಲೂ ಅವಳು ಹೋಗುತ್ತೇನೆ ಎಂದರೆ ಟಿಕೀಟು ಬರೆದುಕೊಡುತ್ತೇನೆ. ಯಲ್ಲಾಪುರಕ್ಕೆ ರಜಿಯಾಳನ್ನು ಕರೆದೊಯ್ಯುವುದಿಲ್ಲ. ಕೊನೆಯ ಆಟಕ್ಕೆ ಒಬ್ಬನೇ ಹೋಗುತ್ತೇನೆ. ಖಾಲಾ ಮುಂದಿನ ಸಾಲಿನಲ್ಲಿ ಇರುತ್ತಾರೆ. ಬಟ್ಟಲು ಪರದೆಯ ತುಂಬ ಬಂದಾಗ ಬಾಯಿ ತೆರೆಯುವುದಿಲ್ಲ. ದೀಪ ಹಾಕಿದ ಮೇಲೆ, ಆ ಮಾತು ಯಾರದು, ಯಾವ ಮಗುವಿಗೆ, ಯಾವ ಬಟ್ಟಲು ಹಿಡಿದು ಹೇಳಿದ್ದು ಎಂದು ಎಲ್ಲರ ಎದುರಿಗೆ ಹೇಳುತ್ತೇನೆ. ಗಟ್ಟಿಯಾಗಿ.

ಈಗ ಗಂಟೆ ನಾಲ್ಕು. ಗೋಡೆಯ ಆಚೆ ಚಾಂದ್ ಬಿ ಗಂಟು ಕಟ್ಟುತ್ತಿದ್ದಾಳೆ. ಗನಿಯ ಅಂಗಿಗಳನ್ನು ಒಂದೊಂದಾಗಿ ಕೊಡವಿ ಮಡಿಸುವ ಸದ್ದು ಕೇಳುತ್ತದೆ. ಎದ್ದು ಹೋಗಿ ಈಗಲೇ ಹೇಳಬಹುದು. ಹತ್ತು ಹೆಜ್ಜೆ ಆಗಲಿಕ್ಕಿಲ್ಲ. ನಾಳೆ ಎಂಟಕ್ಕೆ ಎಂದು ತೀರ್ಮಾನಿಸಿದ್ದೇನೆ.